ಕುದುರಿ ಸೊರಗಿದ್ರ ಮೊದಲು ಬಾಯಿ ನೋಡ್ರಿ

ನಮ್ಮ ಕಡೆ ಎತ್ತು ಕೊಳ್ಳೋಕೆ ಸಂತೆಗೆ ಹೋದವರು ಮೊದಲು ಮಾಡೋ ಕೆಲಸ ಬಾಯಿ ತೆಗೆಸಿ ಹಲ್ಲು ನೋಡೋದು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಅಂತಲೇ ವಯಸ್ಸಿನ ಲೆಕ್ಕ. ಎಂಟೂ ಬಂದರೆ ಬಾಯಿ ಕೂಡಿತು. ರೇಟು ಅಲ್ಲೇ ತೀರ್ಮಾನ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತ ಗಾದೆಯೇ ಇದೆ. ಅಂದರೆ ದುಡ್ಡು ಕೊಟ್ಟು ತರೋದರ ಹಲ್ಲು ಎಲ್ಲರೂ ನೋಡ್ತಾರೆ. ಆದರೆ ಮನೆಗೆ ಬಂದ ಮೇಲೆ ಆ ಬಾಯಿಯನ್ನು ಮತ್ತೆ ಯಾರೂ ತೆಗೆಸೋದಿಲ್ಲ. ಎತ್ತಿನ ಮಟ್ಟಿಗೆ ಇದು ಹೇಗೋ ನಡೀತದೆ. ಕುದುರೆ ಮಟ್ಟಿಗೆ ನಡೆಯೋದಿಲ್ಲ.

ಧಾರವಾಡ ಜಿಲ್ಲೆಯಲ್ಲಿ ಈಗ ಕುದುರೆ ಎಲ್ಲಿವೆ ಅಂತ ನೀವು ಕೇಳಬಹುದು. ದೇಶದಲ್ಲೇ ಕಡಿಮೆಯಾಗಿವೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 6.2 ಲಕ್ಷ ಇದ್ದ ಕುದುರೆ, ತಟ್ಟುಗಳು 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದವು. ಆದರೂ ಕಡಲೆ, ಜೋಳ ಕಟಾವಾದ ಮೇಲೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳ ಕಡೆ ಒಮ್ಮೆ ಬೈಕಿನಲ್ಲಿ ಹೋಗಿ ಬನ್ನಿ. ಊರೂರು ತಿರುಗೋ ಕುರುಬರ ಹಿಂಡಿನ ಜೊತೆ ಕುಳ್ಳ ಕುದುರೆ ಕಾಣ್ತದೆ. ಅದರ ಬೆನ್ನ ಮೇಲೆ ಇಡೀ ಸಂಸಾರ: ಪಾತ್ರೆ, ಕೌದಿ, ಜೋಳದ ಚೀಲ, ಕುರಿ ಕೂಡಿಹಾಕೋ ಬಲೆ, ಕೋಳಿ, ಇನ್ನೂ ನಡೆಯಲಾರದ ಮರಿ. ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸೋದು, ಕೆಲವು ದಿನ ಇದ್ದು ಮುಂದಿನ ಊರಿಗೆ ಹೇರು ಕಟ್ಟೋದು. ಕುದುರೆ ಮಲಗಿದರೆ ಆ ಮನೆಯೇ ನಿಂತಲ್ಲಿ ನಿಲ್ತದೆ.

ಹೋದ ವರ್ಷ ನವಲಗುಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದವರ ಹೆಣ್ಣು ಕುದುರೆಯೊಂದು ಪಕ್ಕೆಲುಬು ಎಣಿಸುವಷ್ಟು ಸೊರಗಿತ್ತು.

"ಯಾಕ ಯಜ್ಜಾ, ಕುದುರಿ ಹಿಂಗಾಗೇತಿ?"

"ವಯಸ್ಸಾತವಾ ತಂಗಿ. ಈ ಸಲ ಮಾರಿಬಿಡೂದ."

ಅಜ್ಜ ಏನೂ ಮಾಡದೆ ಕೈಚೆಲ್ಲಿದವನಲ್ಲ. ಜಂತಿನ ಔಷಧಿ ಹಾಕಿಸಿದ್ದ, ಹುರುಳಿ ಹೆಚ್ಚು ಕೊಟ್ಟಿದ್ದ (ಇಂಗ್ಲಿಷಿನವರು ಹುರುಳಿಗೆ ಹಾರ್ಸ್ ಗ್ರಾಮ್ ಅಂತ ಸುಮ್ಮನೆ ಹೆಸರಿಟ್ಟಿಲ್ಲ). ಬಾಯಿ ಕೂಡ ತೆಗೆಸಿ ನೋಡಿದ್ದ, ಮುಂದಿನ ಹಲ್ಲು ಸರಿ ಇದ್ದವು. ಆದರೆ ಕುದುರೆ ನಿಂತ ಜಾಗದಲ್ಲಿ ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಿದ್ದಿದ್ದವು. ಲದ್ದಿಯಲ್ಲಿ ಹುರುಳಿಕಾಳು ಇಡಿಯಾಗಿ ಕಾಣ್ತಿತ್ತು. ತಿಂದದ್ದು ಹೊಟ್ಟೆಗೆ ಹೋಗಿ ಹಾಗೇ ಹೊರಗೆ ಬರ್ತಿತ್ತು, ಅಷ್ಟೇ.

ಮೊದಲು ಹೋದ ಆಸ್ಪತ್ರೆಯಲ್ಲಿ ಕುದುರೆ ಹಲ್ಲು ಉಜ್ಜೋ ಅರ ಇರಲಿಲ್ಲ. ನಮ್ಮ ಹಳ್ಳಿಗಳ ದವಾಖಾನೆಗೆ ಬರೋದೆಲ್ಲ ಆಕಳು, ಎಮ್ಮೆ, ಕುರಿ. ಕುದುರೆ ಸಾಮಾನು ಯಾರು ಇಟ್ಟುಕೊಳ್ತಾರೆ? ನಾಲ್ಕು ದಿನ ಬಿಟ್ಟು ಬೇರೆ ಡಾಕ್ಟರ್ ಒಬ್ಬರು ಅರ ತಂದರು. ಮಂಪರು ಬರೋ ಇಂಜೆಕ್ಷನ್ ಕೊಟ್ಟು, ಬಾಯಿ ಮುಚ್ಚದ ಹಾಗೆ ಕಬ್ಬಿಣದ ಚೌಕಟ್ಟು ಹಾಕಿ, ಟಾರ್ಚ್ ಬಿಟ್ಟು ತೋರಿಸಿದರು. ಹಿಂದಿನ ದವಡೆ ಹಲ್ಲುಗಳ ಹೊರಅಂಚು ಕುಡುಗೋಲಿನ ಹಾಗೆ ಚೂಪಾಗಿತ್ತು. ಅದು ತಾಗೋ ಕಡೆ ಕೆನ್ನೆಯ ಒಳಗೆ ಹುಣ್ಣು.

ಇದು ರೋಗ ಅಂತಲೂ ಅಲ್ಲ, ಕುದುರೆ ಹಲ್ಲಿನ ಸ್ವಭಾವವೇ ಹೀಗೆ. ನಮ್ಮ ಹಲ್ಲು ಒಮ್ಮೆ ಬಂದರೆ ಮುಗೀತು. ಕುದುರೆ ಹಲ್ಲು ದವಡೆಯೊಳಗೆ ಉದ್ದಕ್ಕೆ ಹೂತಿರ್ತದೆ, ವರ್ಷಕ್ಕೆ ಎರಡು-ಮೂರು ಮಿಲಿಮೀಟರ್‌ನಷ್ಟು ಹೊರಗೆ ಬರ್ತಾನೇ ಇರ್ತದೆ. ಹುಲ್ಲಿನಲ್ಲಿರೋ ಮರಳಿನಂಥ ಅಂಶ ಅದನ್ನು ಅಷ್ಟೇ ಸವೆಸ್ತದೆ. ಬಂದದ್ದಕ್ಕೂ ಸವೆದದ್ದಕ್ಕೂ ಸರಿಹೋಗಬೇಕು. ಆದರೆ ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಹಾಗಾಗಿ ಮೇಲಿನ ಹಲ್ಲಿನ ಹೊರಅಂಚು, ಕೆಳಗಿನ ಹಲ್ಲಿನ ಒಳಅಂಚು ಸವೆಯದೆ ಚೂಪಾಗಿ ಉಳೀತವೆ. ಮೇಲಿನದು ಕೆನ್ನೆ ಕೊರೀತದೆ, ಕೆಳಗಿನದು ನಾಲಿಗೆ. ದಿನದ ಹೆಚ್ಚು ಹೊತ್ತು ಹುಲ್ಲು ಮೇಯೋ ಕುದುರೆ ದವಡೆಯನ್ನು ಅಡ್ಡಡ್ಡ ಚೆನ್ನಾಗಿ ಆಡಿಸ್ತದೆ. ಕಾಳು ಹೆಚ್ಚಾದಷ್ಟೂ ಆ ಅಡ್ಡ ಆಟ ಕಡಿಮೆ, ಅಂಚು ಇನ್ನೂ ಚೂಪು. ಸೊರಗಿದೆ ಅಂತ ಪ್ರೀತಿಯಿಂದ ಕೊಟ್ಟ ಕಾಳೇ ಹೀಗೆ ತಿರುಗಿ ಬೀಳಬಹುದು.

ಮುಂದಿನ ಹಲ್ಲು ಇದ್ಯಾವುದನ್ನೂ ಹೇಳೋದಿಲ್ಲ. ಅದು ಹೇಳೋದು ವಯಸ್ಸು ಮಾತ್ರ. ಐದು ವರ್ಷಕ್ಕೆ ಕುದುರೆ ಬಾಯಿ ಕೂಡ್ತದೆ. ಸುಮಾರು ಹತ್ತಕ್ಕೆ ಮೇಲಿನ ಮೂಲೆ ಹಲ್ಲಿನ ಒಸಡಿನ ಹತ್ತಿರ ಕಂದು ಗೆರೆಯೊಂದು ಶುರುವಾಗಿ, ಹದಿನೈದಕ್ಕೆ ಅರ್ಧ ಹಲ್ಲಿಗೆ ಇಳಿದು, ಇಪ್ಪತ್ತಕ್ಕೆ ತುದಿ ಮುಟ್ತದೆ. ಪಕ್ಕಾ ಲೆಕ್ಕ ಅಲ್ಲ, ಅಂದಾಜು. ಅಜ್ಜನ ಕುದುರೆಗೆ ಗೆರೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. "ಇದಕ್ಕ ಹನ್ನೆರಡರ ಆಸುಪಾಸು. ಇನ್ನೂ ದುಡಿಯೂ ವಯಸ್ಸು, ಮುದುಕಿ ಹೆಂಗಾಗತೇತಿ?" ಅಂದರು ಡಾಕ್ಟರ್. ಅಜ್ಜ ಏನೂ ಮಾತಾಡದೆ ಕುದುರೆಯ ಕುತ್ತಿಗೆ ಸವರ್ತಾ ನಿಂತ.

ಅರ ಉಜ್ಜಿದ್ದು ಮುಕ್ಕಾಲು ಗಂಟೆ. ಉಜ್ಜೋ ಚೂಪು ಅಂಚಿನಲ್ಲಿ ನರ ಇರಲ್ಲ, ಹಾಗಾಗಿ ನೋವಾಗೋದಿಲ್ಲ. ಆದರೆ ಜಾಸ್ತಿ ಉಜ್ಜಿದರೆ ಅಗಿಯೋ ಹಲ್ಲೇ ಹಾಳು. ಅದಕ್ಕೇ ಕಮ್ಮಾರರ ಅರ ತಂದು ಮನೆಯಲ್ಲೇ ಮಾಡಿಕೊಳ್ಳೋ ಕೆಲಸ ಇದಲ್ಲ. ಹುಣ್ಣು ಮಾಯೋ ತನಕ ಮೆತ್ತನೆ ಮೇವು ಕೊಟ್ಟರು. ಹದಿನೈದು ದಿನಕ್ಕೆ ಹುಲ್ಲಿನ ಉಂಡೆ ಬೀಳೋದು ನಿಂತಿತು. ಹಟ್ಟಿ ಕುಂದಗೋಳದ ಕಡೆ ಹೊರಟಾಗ ಹೇರು ಅದರ ಮೇಲೇ ಇತ್ತು.

ಸಿಟಿಯಲ್ಲಿ ಇರೋ ನಿಮಗೆ ಕುದುರೆ ಹತ್ತಿರದಿಂದ ಸಿಗೋದು ಮದುವೆ ಮೆರವಣಿಗೆಯಲ್ಲಿ. ಡಿಜೆ ಮುಂದೆ ಅದು ತಲೆ ಕೊಡವಿದರೆ ಸದ್ದಿಗೆ ಬೆದರಿದೆ ಅಂತೀವಿ. ಸದ್ದೂ ಕಾರಣ, ನನಗೂ ಆ ಸದ್ದು ಆಗಲ್ಲ. ಆದರೆ ಕಡಿವಾಣ ಎಳೆದಾಗಲೆಲ್ಲ ಕೆನ್ನೆ ಚೂಪು ಹಲ್ಲಿಗೆ ಒತ್ತಿಕೊಳ್ತದೆ. ಕೆಲವು ಕುದುರೆಗೆ ದವಡೆ ಹಲ್ಲಿನ ಮುಂದೆ ಒಂದು ಸಣ್ಣ ಹೆಚ್ಚುವರಿ ಹಲ್ಲು ಇರ್ತದೆ, ಕಡಿವಾಣ ಅದಕ್ಕೂ ತಾಗಬಹುದು. ಫೋಟೋ ತೆಗೆಸಿಕೊಳ್ಳೋ ಮೊದಲು "ಇದರ ಹಲ್ಲು ಯಾವಾಗ ತೋರಿಸಿದ್ರಿ?" ಅಂತ ಮಾಲೀಕರನ್ನು ಕೇಳಿ. ಬಾಡಿಗೆ ಕೊಡೋವ್ರು ಕೇಳಿದರೆ ಮಾತಿಗೆ ತೂಕ ಜಾಸ್ತಿ.

ವರ್ಷಕ್ಕೆ ಒಮ್ಮೆ ಡಾಕ್ಟರ್ ಕೈಲಿ ಹಿಂದಿನ ಹಲ್ಲು ನೋಡಿಸಬೇಕು. ಐದು ವರ್ಷದ ಒಳಗಿನವಕ್ಕೆ ಹಾಲುಹಲ್ಲು ಉದುರಿ ಹೊಸವು ಬರೋ ಕಾಲ, ವಯಸ್ಸಾದವಕ್ಕೆ ಹಲ್ಲು ಅಲ್ಲಾಡೋ ಕಾಲ. ಇವೆರಡಕ್ಕೂ ಆರು ತಿಂಗಳಿಗೊಮ್ಮೆ ಒಳ್ಳೇದು. ನಡುವೆ ಜೊಲ್ಲು ಸುರಿಯೋದು, ಬಾಯಿ ವಾಸನೆ, ಒಂದೇ ಕಡೆ ತಲೆ ವಾಲಿಸಿ ಅಗಿಯೋದು ಕಂಡರೆ ಕಾಯಬೇಡಿ. ಒಂದೇ ಹೊಳ್ಳೆಯಿಂದ ನಾರೋ ಸಿಂಬಳ ಬಂದರಂತೂ ಕಾಯಲೇಬೇಡಿ. ಮೇಲಿನ ಹಿಂದಿನ ಹಲ್ಲುಗಳ ಬೇರು ಇರೋದು ಮೂಗಿನ ಪಕ್ಕದ ಪೊಳ್ಳಿನಲ್ಲಿ, ಹಲ್ಲಿನ ಕೀವು ಅಲ್ಲಿಂದ ಮೂಗಿಗೆ ಬರ್ತದೆ. ಸರಿಯಾಗಿ ಅಗಿಯದೆ ನುಂಗಿದ ಮೇವು ಗಂಟಲಲ್ಲಿ ಸಿಕ್ಕಬಹುದು, ಹೊಟ್ಟೆಶೂಲೆಗೂ ದಾರಿ. ಹೊಟ್ಟೆಶೂಲೆ ಕುದುರೆಯ ಜೀವ ತೆಗೀತದೆ.

ಊರಿಗೆ ಹೋದಾಗ ಹೊಲದಲ್ಲಿ ಇಂಥ ಕುದುರೆ ಕಂಡರೆ ಕುರುಬರಿಗೆ 1962ಕ್ಕೆ ಫೋನ್ ಹಚ್ಚಿಕೊಡಿ. ಜಾನುವಾರು ಚಿಕಿತ್ಸೆಯ ಸಹಾಯವಾಣಿ ಅದು. ಹಚ್ಚಿದಾಗ "ಕುದುರೆ, ಹಲ್ಲಿನ ತೊಂದರೆ, ಅರ ಬೇಕು" ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಬಂದವರು ಬರಿಗೈಲಿ ವಾಪಸ್ ಹೋಗಬೇಕಾಗ್ತದೆ. ಹಟ್ಟಿ ಇನ್ನೆಷ್ಟು ದಿನ ಅಲ್ಲಿರ್ತದೆ ಅನ್ನೋದನ್ನೂ ಹೇಳಿ. ಹಲ್ಲು ನಿಜಕ್ಕೂ ಸವೆದು ಹೋದ ಮುದಿ ಕುದುರೆಯಾದರೆ ಅರದಿಂದ ಹೆಚ್ಚೇನೂ ಆಗೋದಿಲ್ಲ. ಅದಕ್ಕೆ ಬೇಯಿಸಿದ ಹುರುಳಿ, ನೀರಲ್ಲಿ ನೆನೆಸಿ ಗಂಜಿಯಂತೆ ಮಾಡಿದ ಗೋಧಿ ಬೂಸಾ, ಸಣ್ಣಗೆ ಕತ್ತರಿಸಿದ ಹಸಿ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಬೇಕು.