ತೋಟದ ವಿಷಕ್ಕೆ ಕನ್ನಡ, ಬಚ್ಚಲ ವಿಷಕ್ಕೆ ಮೌನ

ಅಕ್ಟೋಬರ ಚಾಟನಿಯ ತರುವಾಯ ತಿಕೋಟಾ, ಬಬಲೇಶ್ವರದ ಕಡೆಗೆ ಹೋಗಿಬಂದವರು ಅಲ್ಲಿಯ ದ್ರಾಕ್ಷಿಯ ತೋಟಗಳಲ್ಲಿ ರೈತನು ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸುವ ಬಗೆಯನ್ನು ನೋಡಿರಬಹುದು. 100 ಲೀಟರು ನೀರಿಗೆ ತಲಾ 1 ಕಿಲೋದಂತೆ ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಬೇಕು; ಮೈಲುತುತ್ತವನ್ನು ಕಬ್ಬಿಣದ ಪಾತ್ರೆಗೆ ಮುಟ್ಟಿಸಕೂಡದು. ಕೂಡಿಸಿದ ಮೇಲೆ ಕಬ್ಬಿಣದ ಚಾಕುವೊಂದನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೆಯೇ ಸಿಂಪಡಿಸಿದರೆ ಎಲೆ ಸುಡುವದು. ಫ್ರಾನ್ಸಿನ ಮಿಲಾರ್ಡೆ ಎಂಬ ಪಂಡಿತನು 1885ರಲ್ಲಿ ಲೋಕಕ್ಕೆ ತಿಳಿಸಿದ ಈ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಪ್ರಚಾರಕ್ಕೆ ತಂದವರು ಡಾ. ಲೆಸ್ಲಿ ಕೋಲ್ಮನ್ನರು. ಇಂದು ನಮ್ಮ ರೈತನು ಇದನ್ನು ಪುಸ್ತಕವಿಲ್ಲದೆ ಹೇಳುತ್ತಾನೆ. ಮಣೂಕ ಮಾಡುವಾಗ ಪೊಟ್ಯಾಶಿಯಂ ಕಾರ್ಬೊನೇಟನ್ನೂ ಡಿಪ್ಪಿಂಗ್ ಆಯಿಲನ್ನೂ ನೀರಿಗೆ ಕೂಡಿಸಿ, ಗೊನೆಗಳನ್ನು ಕೆಲವೇ ನಿಮಿಷ ಅದ್ದಿ, ಹಣ್ಣಿನ ಮೇಲಣ ಮೇಣದ ಪದರನ್ನು ಸಡಿಲಿಸಿ ಬೇಗ ಒಣಗಿಸುವ ವಿದ್ಯೆಯೂ ಅವನಿಗೆ ಕರಗತವಾಗಿದೆ. ಕೂಡಿಸುವ ಕೆಲಸದಲ್ಲಿ ಕ್ರಮವೇ ಮುಖ್ಯವೆಂಬುದನ್ನು ಅವನಿಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ.

ಆದರೆ ಅದೇ ರೈತನ ಮಗಳು ವಿಜಯಪುರ ನಗರದಲ್ಲಿ ಸಂಸಾರ ಹೂಡಿದಳೆನ್ನಿ. ಅಲ್ಲಿಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಬಚ್ಚಲ ಕಲ್ಲಿನ ಮೇಲೆ ಬಿಳಿಯ ಕರೆ ಕಟ್ಟುವದು. ಕರೆ ಹೋಗಲಾಡಿಸಲು ಕಿರಾಣಿ ಅಂಗಡಿಯ ಆಸಿಡ್ ಬಾಟಲಿ ಬರುತ್ತದೆ. ಆಸಿಡ್ ಬಿದ್ದೊಡನೆ ಕರೆಯು ನೊರೆಗಟ್ಟಿ ಕರಗುವದು. ಇಷ್ಟರಿಂದ ತೃಪ್ತಿಯಾಗದೆ, ಇನ್ನೂ ಬೆಳ್ಳಗಾಗಲೆಂದು ಅದರ ಮೇಲೆಯೇ ಬ್ಲೀಚಿಂಗ್ ಪುಡಿಯನ್ನು ಚೆಲ್ಲಿದರೆ ಏನಾಗುವದು? ಬ್ಲೀಚಿಂಗ್ ಪುಡಿಯೆಂದರೆ ಸುಣ್ಣವು ಹಿಡಿದಿಟ್ಟ ಕ್ಲೋರಿನ್ ಅನಿಲವಲ್ಲದೆ ಮತ್ತೇನೂ ಅಲ್ಲ. ಆಸಿಡ್ ತಗಲಿದೊಡನೆ ಆ ಹಿಡಿತ ಬಿಡುತ್ತದೆ. ಹಸಿರು-ಹಳದಿ ಬಣ್ಣದ ಹೊಗೆ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ನೆಲಮಟ್ಟದಲ್ಲಿಯೇ ಹರಡಿ ನಿಲ್ಲುವದು. ಬಚ್ಚಲು ತಿಕ್ಕುವವಳ ಮುಖವಾದರೂ ಎಲ್ಲಿರುವದು? ನೆಲದ ಬಳಿಯಲ್ಲಿಯೇ ಅಲ್ಲವೇ! 1915ರ ಏಪ್ರಿಲ್ 22ರಂದು ಈಪ್ರದ ರಣರಂಗದಲ್ಲಿ ಜರ್ಮನರು ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಒಂದು ಬಚ್ಚಲಿನಲ್ಲಿ ಅಷ್ಟು ಪ್ರಮಾಣ ಹುಟ್ಟದು, ನಿಜ. ಆದರೆ ಕಿಟಕಿಯಿಲ್ಲದ ನಾಲ್ಕು ಅಡಿಯ ಕೋಣೆಯೂ ಒಂದು ಕಂದಕವೇ ಸರಿ.

ಕಚೇರಿಯ ಮಹನೀಯರು ಇದು ಹೆಂಗಸರ ಮಾತೆಂದು ಪುಟ ತಿರುವಬಾರದು. ಅವರ ಕಚೇರಿಯ ಮೂತ್ರಿಯಲ್ಲಿ ಬ್ಲೀಚಿಂಗ್ ಚೆಲ್ಲಿದ ದಿನ ಕಣ್ಣು ಉರಿದ ಅನುಭವವು ಹಲವರಿಗೆ ಉಂಟು. ಹಳಸಿದ ಮೂತ್ರದ ಅಮೋನಿಯವು ಬ್ಲೀಚಿಂಗ್ ಜೊತೆ ಕೂಡಿ ಕ್ಲೋರಮೀನ್ ಎಂಬ ಮತ್ತೊಂದು ಕೆಟ್ಟ ಆವಿಯಾಗುವದೇ ಅದಕ್ಕೆ ಕಾರಣ. ಮಹನೀಯರು ಮೂಗು ಮುಚ್ಚಿ ಹೊರಬೀಳುತ್ತಾರೆ. ತೊಳೆಯುವವನು ಅಲ್ಲಿಯೇ ನಿಲ್ಲಬೇಕು. ನಿಂಬೆ ನಿರಪಾಯವೆಂದು ನಂಬಿದವರೂ ಇದ್ದಾರೆ. ಇಂಡಿಯ ನಿಂಬೆಯ ರಸವನ್ನು ಅಡಿಗೆಯ ಸೋಡಾಕ್ಕೆ ಹಿಂಡಿದರೆ ಗುಳ್ಳೆಗಳೆದ್ದು ಅಡಗುವವು, ಭಯವಿಲ್ಲ. ಅದೇ ರಸವನ್ನು ಬ್ಲೀಚಿಂಗ್ ದ್ರವಕ್ಕೆ ಹಿಂಡಿದರೆ ಬರುವದು ಕ್ಲೋರಿನ್ನೇ. ಹುಳಿಯು ಯಾವ ಗಿಡದ್ದೆಂದು ಅನಿಲವು ಕೇಳುವದಿಲ್ಲ.

ರೈತನಿಗಿರುವ ಎಚ್ಚರ ಅವನ ಮಗಳಿಗೆ ಏಕಿಲ್ಲ? ಬುದ್ಧಿ ಕಡಿಮೆಯೆಂದಲ್ಲ. ಅವನಿಗೆ ಹೇಳಿದವರಿದ್ದರು, ಅದೂ ಕನ್ನಡದಲ್ಲಿ. 1971ರ ಕೀಟನಾಶಕ ನಿಯಮಗಳ ಮೇರೆಗೆ ಕೀಟನಾಶಕದ ಚೀಟಿಯು ಹಿಂದಿ, ಇಂಗ್ಲಿಷುಗಳಲ್ಲದೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಇರತಕ್ಕದ್ದು. ಬಚ್ಚಲ ಬಾಟಲಿಗೆ ಈ ಕಟ್ಟು ಇಲ್ಲ. ಪೊಟ್ಟಣದ ಸರಕುಗಳ ಕುರಿತಾದ 2011ರ ಕೇಂದ್ರ ನಿಯಮಗಳಲ್ಲಿ ಕಡ್ಡಾಯದ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಬೇಕಾದರೆ ಸೇರಿಸಿಕೊಳ್ಳಬಹುದು. ಬೇಕಾದರೆ! ಬಳ್ಳಿಯ ಎಲೆಯನ್ನು ಉಳಿಸುವ ಮಾತು ಕನ್ನಡದಲ್ಲಿ, ಮನೆಯ ಹೆಣ್ಣಿನ ಶ್ವಾಸಕೋಶವನ್ನು ಉಳಿಸುವ ಮಾತು ಸಾಸಿವೆ ಕಾಳಿಗಿಂತ ಸಣ್ಣದಾದ ಇಂಗ್ಲಿಷ್ ಅಕ್ಷರದಲ್ಲಿ. ಈ ಭೇದಕ್ಕೆ ನ್ಯಾಯವೇನೆಂಬುದು ನಮಗೆ ಹೊಳೆಯದು. ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸರಕುಗಳ ಹೆಸರೂ ಬಳಕೆಯ ಸೂಚನೆಗಳೂ ಕನ್ನಡದಲ್ಲಿ ಇರಬೇಕೆಂದು ಆಜ್ಞೆ ಹೊರಡಿಸಿದ್ದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಅದು ಈ ನಾಡಿನಲ್ಲಿ ತಯಾರಾದ ಸರಕಿಗೆ ಮಾತ್ರ. ಹೊರಗಿನಿಂದ ಬಂದ ಬಾಟಲಿಯು ಇಂದಿಗೂ ಮೂಕ. ಬಿಡಿಯಾಗಿ, ಚೀಟಿಯೇ ಇಲ್ಲದ ಶೀಸೆಯಲ್ಲಿ ಮಾರುವ ಆಸಿಡ್ಡಿನ ಮಾತನ್ನಂತೂ ಕೇಳುವದೇ ಬೇಡ. ತೀವ್ರ ಆಸಿಡ್ಡಿನ ಮಾರಾಟಕ್ಕೆ ದಾಖಲೆಯ ಪುಸ್ತಕವಿರಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ವಿಧಿಸಿದೆ.

ಕೂಡಿಸಿದ್ದು ಕೂಡಿಸಿಯಾಯಿತೆಂದರೆ ಮಾಡತಕ್ಕದ್ದು ಇಷ್ಟು: ಇನ್ನೊಂದು ವಸ್ತುವನ್ನು ಸುರಿದು ಶಮನ ಮಾಡಹೋಗದೆ, ಮೊದಲು ಹೊರಗಿನ ಗಾಳಿಗೆ ಬರಬೇಕು, ಮಕ್ಕಳನ್ನು ಹೊರತರಬೇಕು, ಕಣ್ಣು ಉರಿದರೆ ತಣ್ಣೀರಿನಿಂದ ಬಹಳ ಹೊತ್ತು ತೊಳೆಯಬೇಕು. ಕೆಮ್ಮು, ಉಬ್ಬಸಗಳಿದ್ದರೆ 108ಕ್ಕೆ ಕರೆ ಮಾಡಬೇಕು. ಎದೆಯಲ್ಲಿ ನೀರು ತುಂಬುವದು ಕೆಲವು ತಾಸುಗಳ ಮೇಲೆಯೂ ಉಂಟಾದುದರಿಂದ, ಹಾಯೆನಿಸಿತೆಂದು ಮಲಗಿಬಿಡಕೂಡದು. ಈ ಐದಾರು ಸಾಲುಗಳನ್ನು ಮಹಾನಗರ ಪಾಲಿಕೆಯವರು ಬ್ಲೀಚಿಂಗ್ ಹಂಚುವಾಗ ಚೀಟಿಯಾಗಿ ಅಚ್ಚು ಹಾಕಿಸಿ ಕೊಡಲು ಎಷ್ಟು ಖರ್ಚು ತಗಲೀತು? ಇನ್ನು 2011ರ ನಿಯಮದಲ್ಲಿ 'ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ' ಎಂಬ ಮೂರು ಪದಗಳನ್ನು ಸೇರಿಸುವ ಕೆಲಸ ದಿಲ್ಲಿಯದು. 1971ರ ನಿಯಮವು ಎದುರಿಗೇ ಇರುವದರಿಂದ ನಮ್ಮ ಲೋಕಸಭಾ ಸದಸ್ಯರು ಹೊಸ ವಾದವನ್ನೇನೂ ಹುಡುಕಬೇಕಾಗಿಲ್ಲ. ಬರುವ ಅಧಿವೇಶನದಲ್ಲಿ ಅವರು ಈ ಪ್ರಶ್ನೆಯನ್ನು ಎತ್ತುವರೋ ಎಂಬುದನ್ನು ನಾವು ಕಾದು ನೋಡುವೆವು.