ಕೊಲೆಸ್ಟರಾಲ್ ನಡತೆಯ ಸರ್ಟಿಫಿಕೇಟ್ ಅಲ್ಲ

ಸಾವಿನ ಮನೆಯಲ್ಲೂ ವಿಚಾರಣೆ ನಡೆಸುವ ಜನ ನಾವು. ಮೂವತ್ತೈದರ ಹುಡುಗ ಹೃದಯಾಘಾತದಿಂದ ಹೋದರೆ ಹೆಣ ಎತ್ತುವ ಮೊದಲೇ ಪ್ರಶ್ನೆಗಳು ಶುರುವಾಗುತ್ತವೆ. ಕುಡೀತಿದ್ದನಾ? ಸಿಗರೇಟು ಸೇದುತ್ತಿದ್ದನಾ? ಹೋಟೆಲ್ ಊಟ ಜಾಸ್ತಿಯಿತ್ತಾ? ಇವ್ಯಾವೂ ಇರಲಿಲ್ಲ ಎಂದು ಗೊತ್ತಾದರೆ ತೀರ್ಪು ಬದಲಾಗುತ್ತದೆ: 'ಅವನ ಹಣೆಬರಹ, ಏನು ಮಾಡೋಕಾಗುತ್ತೆ.' ತಳಿವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಈ ಎರಡೂ ತೀರ್ಪುಗಳ ಮೇಲೆ ತಕರಾರಿದೆ. ಮೊದಲನೆಯದು ಸತ್ತವನನ್ನು ಅಪರಾಧಿ ಮಾಡುತ್ತದೆ. ಎರಡನೆಯದು ಅವನ ತಮ್ಮ, ತಂಗಿ, ಮಗಳನ್ನು ಅಪಾಯದಲ್ಲೇ ಬಿಟ್ಟು ಕೈತೊಳೆದುಕೊಳ್ಳುತ್ತದೆ.

ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳಿವೆ. ಅವನ್ನು ಹಿಡಿದು ಒಳಗೆಳೆದುಕೊಳ್ಳಲು ಯಕೃತ್ತಿನ ಜೀವಕೋಶಗಳ ಮೈಮೇಲೆ ರಿಸೆಪ್ಟರ್ ಎಂಬ ಕೊಕ್ಕೆಗಳಿರುತ್ತವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಈ ಕೊಕ್ಕೆಯನ್ನು ರೂಪಿಸುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಸಾಕು, ಎಲ್‌ಡಿಎಲ್ ಹುಟ್ಟಿನಿಂದಲೇ ಸುಮಾರು ಎರಡು ಪಟ್ಟು ಇರುತ್ತದೆ. ಜಗತ್ತಿನಲ್ಲಿ ಹೆಚ್ಚುಕಡಿಮೆ 250ರಿಂದ 300 ಜನರಿಗೊಬ್ಬರಂತೆ ಈ ಬಗೆಯ ವಂಶಪಾರಂಪರ್ಯ ಕೊಲೆಸ್ಟರಾಲ್ ಕಾಯಿಲೆ ಇದೆ. ಚಿಕಿತ್ಸೆ ಸಿಗದಿದ್ದರೆ ಅಂಥ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 50 ವರ್ಷದೊಳಗೆ ಹೃದಯದ ರಕ್ತನಾಳದ ಕಾಯಿಲೆ ಬರುತ್ತದೆ. ಅವರು ತೆಳ್ಳಗಿರಬಹುದು, ಸಸ್ಯಾಹಾರಿಗಳಿರಬಹುದು, ದಿನಾ ಬೆಳಿಗ್ಗೆ ಓಡುವವರೂ ಇರಬಹುದು.

ಇನ್ನೊಂದು ಕಣವಿದೆ, ಲಿಪೊಪ್ರೋಟೀನ್-ಎ. ನಾರ್ವೆಯ ಕೋರೆ ಬರ್ಗ್ 1963ರಲ್ಲೇ ಅದನ್ನು ವಿವರಿಸಿದರು. ರಕ್ತದಲ್ಲಿ ಅದರ ಪ್ರಮಾಣವನ್ನು ಬಹುಪಾಲು ಒಂದೇ ವಂಶವಾಹಿ ನಿರ್ಧರಿಸುತ್ತದೆ. ಪಥ್ಯಕ್ಕೂ ವಾಕಿಂಗಿಗೂ ಅದು ಬಗ್ಗುವುದು ಕಡಿಮೆ. ಜೀವಮಾನದಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಮಾನ್ಯವಾಗಿ ಸಾಕು. ಆದರೆ ನಾವು ಮಾಡಿಸುವ ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಅದು ಇರುವುದಿಲ್ಲ.

'ಹಾಗಾದರೆ ಎಲ್ಲ ಹುಟ್ಟಿನಲ್ಲೇ ಬರೆದಿದೆ, ಪಥ್ಯ ಯಾಕೆ?' ಎನ್ನುವವರಿಗೆ ಉತ್ತರ ಅದೇ ವಂಶವಾಹಿಗಳ ಕಥೆಯಲ್ಲಿದೆ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಪಿಸಿಎಸ್‌ಕೆ9 ಎಂಬ ವಂಶವಾಹಿ ಅತಿಯಾಗಿ ಕೆಲಸ ಮಾಡಿ ಎಲ್‌ಡಿಎಲ್ ಏರಿಸುವುದು ಗೊತ್ತಾಯಿತು. ಅದೇ ವಂಶವಾಹಿ ನಿಷ್ಕ್ರಿಯವಾದರೆ ಏನಾಗುತ್ತದೆಂದು 2006ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು: ಅದರಲ್ಲಿದ್ದ ಕಪ್ಪು ಜನರ ಪೈಕಿ ಶೇ. 2.6ರಷ್ಟು ಮಂದಿಯಲ್ಲಿ ಅದರ ಒಂದು ಪ್ರತಿ ಕೆಲಸ ಮಾಡುತ್ತಿರಲಿಲ್ಲ. ಅವರ ಎಲ್‌ಡಿಎಲ್ ಶೇ. 28ರಷ್ಟು, ಹೃದ್ರೋಗದ ಅಪಾಯ ಶೇ. 88ರಷ್ಟು ಕಡಿಮೆಯಿತ್ತು. ಆ ಸುಳಿವು ಹಿಡಿದೇ 2015ರ ಹೊತ್ತಿಗೆ ಹೊಸ ಚುಚ್ಚುಮದ್ದುಗಳು ಬಂದವು. ಬದುಕಿನ ರೀತಿಗೂ ಬೆಲೆಯಿದೆ: 2016ರ ದೊಡ್ಡ ಅಧ್ಯಯನವೊಂದರಲ್ಲಿ, ಆನುವಂಶಿಕ ಅಪಾಯ ಅತಿ ಹೆಚ್ಚಿದ್ದವರಲ್ಲೂ ಒಳ್ಳೆಯ ಜೀವನಕ್ರಮ ಇದ್ದವರಿಗೆ ಹೃದ್ರೋಗದ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ವಂಶವಾಹಿ ಎಂದಾಕ್ಷಣ ಕೈಚೆಲ್ಲುವವರು ವಿಜ್ಞಾನದ ಹೆಸರಿನಲ್ಲಿ ಹಳೆಯ ಹಣೆಬರಹವನ್ನೇ ಓದುತ್ತಿದ್ದಾರೆ.

ಹಾಗಂತ ಎಲ್ಲರೂ ದುಬಾರಿ ಜೀನ್ ಟೆಸ್ಟ್ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ನೂರಾರು ವಂಶವಾಹಿಗಳನ್ನು ಕೂಡಿಸಿ ಕೊಡುವ 'ಅಪಾಯದ ಅಂಕ'ಗಳು ಬಹುಪಾಲು ಯುರೋಪಿಯನ್ ಮೂಲದವರ ಮಾಹಿತಿಯಿಂದ ಕಟ್ಟಿದವು. ಅದನ್ನು ನಮಗೆ ಹಾಗೇ ಅನ್ವಯಿಸಿ ಮಾರುವವರನ್ನು ಅನುಮಾನದಿಂದಲೇ ನೋಡಬೇಕು. ನಾನು ಕೇಳುತ್ತಿರುವುದು ಸಾಧಾರಣ ರಕ್ತಪರೀಕ್ಷೆ ಮತ್ತು ಮನೆತನದ ಬಗ್ಗೆ ಒಂದು ಪ್ರಾಮಾಣಿಕ ಮಾತು.

ಆ ಮಾತೇ ನಮ್ಮಲ್ಲಿ ಕಷ್ಟ. ಗೋತ್ರ, ನಕ್ಷತ್ರ, ಏಳು ತಲೆಮಾರಿನ ಸಂಬಂಧ ಎಲ್ಲ ನಾಲಗೆ ತುದಿಯಲ್ಲಿರುತ್ತವೆ. ಅಜ್ಜ ಎಷ್ಟನೇ ವಯಸ್ಸಿಗೆ, ಯಾವುದರಿಂದ ಸತ್ತರು ಎಂದರೆ ಮೌನ. ಹುಡುಗಿಗೆ ಗಂಡು ನೋಡುವಾಗ 'ಅಪ್ಪನಿಗೆ ಹಾರ್ಟ್ ಆಪರೇಷನ್ ಆಗಿದ್ದು ಹೇಳಬೇಡಿ' ಎಂಬ ಪಿಸುಮಾತು. ತಂದೆ ಅಥವಾ ತಾಯಿಗೆ ಈ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಮುಚ್ಚಿಟ್ಟ ಮಾತ್ರಕ್ಕೆ ಆ ಲೆಕ್ಕ ಬದಲಾಗುವುದಿಲ್ಲ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಭಯದ ಸಾಲು ಸುದ್ದಿ ತಣ್ಣಗಾದಂತೆ ಕರಗುತ್ತದೆ. ಅದರ ಬದಲು, ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರ ಡಿಸ್ಚಾರ್ಜ್ ಚೀಟಿಯಲ್ಲಿ ಪ್ರತಿ ಆಸ್ಪತ್ರೆಯೂ ಒಂದು ಸಾಲು ಬರೆಯಲಿ: ಒಡಹುಟ್ಟಿದವರು ಮತ್ತು ಮಕ್ಕಳ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ರೋಗಿ ಉಳಿಯದಿದ್ದರೆ ಆ ಚೀಟಿ ಮನೆಯವರ ಕೈಗೆ ಹೋಗಲಿ. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇಂದು ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಅದು ಯಾರಿಗೆ ಬೇಕೆಂದು ಹೇಳಬಲ್ಲ ಆ ಒಂದು ಸಾಲನ್ನೇ ನಾವಿನ್ನೂ ಬರೆಯುತ್ತಿಲ್ಲ.