ಹುಟ್ಟುಹಬ್ಬದ ದ್ವೀಪವೂ ಲಕ್ಕಮ್ಮನ ಅಳತೆಯೂ



ಕಳೆದ ವರ್ಷ ಚೈತ್ರ ಮಾಸದ ಅಮಾವಾಸ್ಯೆಯಂದು ಶ್ರೀಮಠದ ದಾಸೋಹ ಮುಗಿದ ಮೇಲೆ ಹಳಿಯಾಳ ತಾಲೂಕಿನ ತಾಯಿಯೊಬ್ಬರು ತಮ್ಮ ಮಗ ಮತ್ತು ಸೊಸೆಯೊಡನೆ ಗ್ರಂಥಾಲಯದ ಕೊಠಡಿಗೆ ಬಂದರು. ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ನೌಕರ. ಸೊಸೆ ಅಲ್ಲಿಯೇ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ತಾಯಿ ಕುಳಿತವರೇ ದೂರು ಹೇಳತೊಡಗಿದರು: “ನೋಡ್ರಿ, ಹೇಣ್ತಿ ಹುಟ್ಟಿದ ದಿನಕ್ಕ ಸಮುದ್ರದಾಗಿನ ನಡುಗಡ್ಡಿಗೆ ಹೊಂಟಾನ. ಅದೂ ಎರಡೂವರಿ ಲಕ್ಷ ಸಾಲಾ ಮಾಡಿ! ನೀವರ ಒಂದ್ ಮಾತ್ ಹೇಳ್ರಿ.”

ಹೇಳುವ ಅವಕಾಶ ಸಿಕ್ಕರೆ ನಮ್ಮಂಥವರು ಬಿಡುವುದುಂಟೇ? ಭೋಗಲಾಲಸೆ, ಅನುಕರಣೆ, ದುಂದುಗಾರಿಕೆ ಎಂದು ಹದಿನೈದು ನಿಮಿಷ ಮಾತನಾಡಿದೆ. ಮಗ ತಲೆ ತಗ್ಗಿಸಿ ಕೇಳಿದನು. ಸೊಸೆ ಮಾತ್ರ ನಾನು ಮುಗಿಸುವವರೆಗೆ ಕಾಯ್ದು, ಧ್ವನಿಯೆತ್ತದೆ ಹೇಳಿದಳು: “ಅಣ್ಣಾರ, ನೀವ್ ಹೇಳೂದು ಖರೇನ ಐತಿ. ಆದ್ರ ಲಗ್ನ ಆಗಿ ಒಂಬತ್ ವರ್ಷದಾಗ ನಾ ಒಲಿ ಹಚ್ಚಲಾರದ ದಿನಾ ಒಂದೂ ಇಲ್ರಿ. ನೀ ಹುಟ್ಟಿದ್ದು ಚಲೋ ಆತು ಅಂತ ಬಾಯಿಬಿಟ್ಟು ಅಂದಾವ್ರು ಇವ್ರೊಬ್ರ.”

ನನ್ನ ಹದಿನೈದು ನಿಮಿಷದ ಉಪದೇಶ ಆ ಎರಡು ಮಾತಿನ ಮುಂದೆ ನಿಲ್ಲಲಿಲ್ಲ. ಅಂದು ನಾನು ಅವಸರದಿಂದ ಆಡಿದ ಮಾತನ್ನು ಇಂದು ನಿಧಾನವಾಗಿ ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹುಟ್ಟಿದ ದಿನವನ್ನು ಆಚರಿಸುವುದು ನಮ್ಮ ಹಿರಿಯರಿಗೆ ಅಷ್ಟಾಗಿ ತಿಳಿದಿರಲಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಎಷ್ಟು ಜನರ ಜನ್ಮದಿನಾಂಕ ಜೂನ್ 1 ಎಂದಿದೆಯೋ ಲೆಕ್ಕವಿಲ್ಲ. ಶಾಲೆಗೆ ಹೆಸರು ಹಚ್ಚುವಾಗ ತಂದೆತಾಯಿಗೆ ತೇದಿ ಗೊತ್ತಿಲ್ಲದಿದ್ದರೆ ಮಾಸ್ತರರು ತಾವೇ ಬರೆದುಕೊಂಡ ತೇದಿಯದು. ನನ್ನ ತಾಯಿಯವರಿಗೂ ತಾವು ಹುಟ್ಟಿದ ದಿನ ತಿಳಿಯದು. “ಜ್ವಾಳಾ ರಾಶಿ ಮಾಡು ಮುಂದ” ಎನ್ನುತ್ತಾರೆ, ಅಷ್ಟೇ. 1966ರಿಂದ ನಮ್ಮ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ ಬಂಧುಗಳಲ್ಲಿಯೂ ಹಳೆಯ ರೂಢಿಯಂತೆ ಒಬ್ಬೊಬ್ಬರ ಹುಟ್ಟಿದ ದಿನಕ್ಕಿಂತ ಲೋಸಾರ್ ಹೊಸವರ್ಷದಂದು ಎಲ್ಲರಿಗೂ ಒಟ್ಟಿಗೆ ಒಂದು ವರ್ಷ ತುಂಬಿತೆಂದು ಎಣಿಸುವ ಪದ್ಧತಿಯಿದೆ. ಇದರಲ್ಲಿ ಒಂದು ಸೊಗಸಿದೆ; ಯಾರೂ ತಾನೊಬ್ಬನೇ ದೊಡ್ಡವನಾಗುವುದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನಾವು ಮರೆಯಬಾರದು. ದಿನಾಂಕವಿಲ್ಲದ ಆ ತಾಯಂದಿರನ್ನು ‘ನಿನಗೇನು ಬೇಕು’ ಎಂದು ಯಾರೂ ಕೇಳಲಿಲ್ಲ. ಆದ್ದರಿಂದ ಒಬ್ಬ ಗಂಡ ತನ್ನ ಹೆಂಡತಿಯ ಹುಟ್ಟನ್ನು ನೆನೆದು ಸಂತೋಷಪಡುವುದು ಪಾಶ್ಚಾತ್ಯರ ಕುರುಡು ಅನುಕರಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶರಣರು ದೇಹವನ್ನು ಹಳಿದವರಲ್ಲ. ಸಂಸಾರವನ್ನು ತೊರೆದೇ ತೀರಬೇಕೆಂದವರೂ ಅಲ್ಲ. ಅವರ ಅನುಭವ ಮಂಟಪದಲ್ಲಿ ದಂಪತಿಗಳು ಜೊತೆಯಾಗಿಯೇ ಕುಳಿತಿದ್ದರು.

ಹಾಗಾದರೆ ದ್ವೀಪಕ್ಕೆ ಹೋಗುವುದು ಸರಿಯೇ? ಇಲ್ಲಿ ಸ್ವಲ್ಪ ನಿಂತು ಆ ದ್ವೀಪವನ್ನೇ ನೋಡೋಣ.

ಆ ಯುವಕನು ಆರಿಸಿದ್ದು ಮಾಲ್ಡೀವ್ಸ್ ದೇಶವನ್ನು. ಸುಮಾರು 1,200 ಹವಳದ ದ್ವೀಪಗಳ ಆ ರಾಷ್ಟ್ರದಲ್ಲಿ ಮೊದಲ ಪ್ರವಾಸಿ ರೆಸಾರ್ಟ್ ತೆರೆದದ್ದು 1972ರಲ್ಲಿ. ಇಂದು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿನ ರೂಢಿ. ಜೋಡಿಯಾಗಿ ಬಂದವರಿಗೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕುಟೀರ, ಬಾಗಿಲು ತೆರೆದರೆ ನೀಲಿ ಸಮುದ್ರ. ನೋಡಲು ರಮಣೀಯವೇ, ಸಂದೇಹವಿಲ್ಲ. ಆದರೆ ಅಲ್ಲಿ ಸ್ನಾನ ಮಾಡುವ ಸಿಹಿನೀರು ಬಹುಪಾಲು ಯಂತ್ರದಿಂದ ಉಪ್ಪು ತೆಗೆದ ಸಮುದ್ರದ ನೀರು. ತಟ್ಟೆಯ ಮೇಲಿನ ಅಕ್ಕಿ, ಕಾಯಿಪಲ್ಲೆ, ಹಣ್ಣುಗಳಲ್ಲಿ ಹೆಚ್ಚಿನವು ಹಡಗು, ವಿಮಾನಗಳಲ್ಲಿ ಹೊರನಾಡಿನಿಂದ ಬರುವಂಥವು. ಊಟ ಮುಗಿದ ಮೇಲೆ ಉಳಿದ ಕಸ ಎಲ್ಲಿಗೆ ಹೋಗುತ್ತದೆ? ರಾಜಧಾನಿ ಮಾಲೆಯ ಹತ್ತಿರ ತಿಲಫುಶಿ ಎಂಬ ದ್ವೀಪವಿದೆ. 1990ರ ದಶಕದ ಆರಂಭದಿಂದ ಮಾಲೆಯ ಮತ್ತು ರೆಸಾರ್ಟುಗಳ ಕಸವನ್ನು ಸುರಿದು ಸುರಿದೇ ಅದು ಬೆಳೆಯಿತು. ಚಿತ್ರಪಟಗಳಲ್ಲಿ ಈ ದ್ವೀಪ ಬರುವುದಿಲ್ಲ. ಇಡೀ ದೇಶದ ನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ಕಡಲು ಏರಿದರೆ ನಮ್ಮ ಗತಿಯೇನೆಂದು ಜಗತ್ತಿಗೆ ತೋರಿಸಲು 2009ರ ಅಕ್ಟೋಬರಿನಲ್ಲಿ ಅಲ್ಲಿನ ಅಧ್ಯಕ್ಷ ಮೊಹಮ್ಮದ್ ನಶೀದ್ ಮತ್ತು ಸಚಿವರು ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಕುಳಿತು ಸಭೆ ನಡೆಸಿದರು.

2024ರ ಜನವರಿಯಲ್ಲಿ ನಮ್ಮಲ್ಲಿ ಒಂದು ದೊಡ್ಡ ವಾದ ಎದ್ದಿತು: ಮಾಲ್ಡೀವ್ಸ್ ಬೇಡ, ನಮ್ಮ ಲಕ್ಷದ್ವೀಪಕ್ಕೇ ಹೋಗೋಣ ಎಂದು. ಸ್ವದೇಶದ ಅಭಿಮಾನ ಒಳ್ಳೆಯದೇ. ಆದರೆ ಆ ವಾದದ ತುಂಬ ‘ಯಾವ ದ್ವೀಪ’ ಎಂಬ ಪ್ರಶ್ನೆಯಿತ್ತೇ ಹೊರತು ‘ಎಷ್ಟು’ ಎಂಬ ಪ್ರಶ್ನೆ ಇರಲಿಲ್ಲ. ದ್ವೀಪ ಬದಲಾದ ಮಾತ್ರಕ್ಕೆ ಅಳತೆ ಬದಲಾಗುವುದಿಲ್ಲ.

‘ಎಷ್ಟು’ ಎಂಬ ಪ್ರಶ್ನೆ ಬಂದಾಗ ನೆನಪಾಗುವವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ನೋಡಿದೊಡನೆ ಗುರುತಿಸಿದರು. ಇದು ನಮ್ಮ ನಿತ್ಯದ ಪಾಲಲ್ಲ, ಮಿಕ್ಕದ್ದನ್ನು ಮರಳಿ ಅಲ್ಲಿಯೇ ಚೆಲ್ಲಿ ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವು ಬಡತನದ ಹೊಗಳಿಕೆಯೆಂದು ಹೇಳುತ್ತ ಬಂದಿದ್ದೇವೆ. ನಾನೂ ಅಂದು ಆ ದಂಪತಿಗೆ ಹಾಗೆಯೇ ಹೇಳಿದ್ದೆ. ಆದರೆ ಕಥೆಯ ತಿರುಳು ಬೇರೆ. ಆ ಮನೆಯಲ್ಲಿ ಅಳತೆ ಯಾರ ಕೈಯಲ್ಲಿತ್ತು? ಹೆಂಡತಿಯ ಕೈಯಲ್ಲಿ. ಎಷ್ಟು ಸಾಕು ಎಂದು ಹೇಳುವ ಅಧಿಕಾರ ಅವಳದಾಗಿತ್ತು. ಗಂಡ ಅದಕ್ಕೆ ತಲೆಬಾಗಿದನು. ಅವರ ಹಿರಿಮೆ ಇರುವುದು ಅಕ್ಕಿಯ ಕೊರತೆಯಲ್ಲಲ್ಲ, ಆ ಅಳತೆಯಲ್ಲಿ.

ಈ ಅರ್ಥ ಹೊಳೆದ ಮೇಲೆ ನಾನು ಆ ಹೆಣ್ಣುಮಗಳನ್ನು ಕೇಳಿದೆ: “ತಂಗಿ, ನಿನಗ ಎಲ್ಲಿಗೆ ಹೋಗಬೇಕು ಅಂತ ಇತ್ತು?” ಮೂವರೂ ಸುಮ್ಮನಾದರು. ಗಂಡ ಸಹೋದ್ಯೋಗಿಗಳ ಚಿತ್ರ ನೋಡಿ ದ್ವೀಪ ಆರಿಸಿದ್ದನು. ಅತ್ತೆ ಬೇಡವೆಂದಿದ್ದರು. ನಾನು ಉಪದೇಶ ಮಾಡಿದ್ದೆ. ಯಾರ ಹುಟ್ಟುಹಬ್ಬವೋ ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವಳು ನಕ್ಕು ಹೇಳಿದಳು. ಅವಳ ದಾಖಲೆಯಲ್ಲಿರುವುದೂ ಅದೇ ಜೂನ್ 1. ಆದರೆ ಅವಳ ತಾಯಿ ಹೇಳುವಂತೆ ಅವಳು ಹುಟ್ಟಿದ್ದು ಉಳವಿಗೆ ಚಕ್ಕಡಿಗಳು ಹೊರಟ ವಾರದಲ್ಲಿ. ಚಿಕ್ಕಂದಿನಲ್ಲಿ ಮನೆಯ ಮುಂದಿನ ರಸ್ತೆಯಲ್ಲಿ ಆ ಚಕ್ಕಡಿಗಳ ಸಾಲು ನೋಡಿದ್ದಳೇ ಹೊರತು ಒಮ್ಮೆಯೂ ಹತ್ತಿರಲಿಲ್ಲ. ಹೊಳೆಯ ದಂಡೆಯಲ್ಲಿ ಎರಡು ದಿನ ಅಡುಗೆಯ ಚಿಂತೆಯಿಲ್ಲದೆ ಇರಬೇಕು, ಆಮೇಲೆ ಉಳವಿಗೆ ಹೋಗಬೇಕು. ಇದು ಅವಳ ಬಯಕೆ. ಅದಕ್ಕೆ ಸಾಲ ಬೇಕಿರಲಿಲ್ಲ.

ಈ ವರ್ಷದ ಭಾರತ ಹುಣ್ಣಿಮೆಯ ಹೊತ್ತಿಗೆ ಅವರು ಗಣೇಶಗುಡಿಯ ಹತ್ತಿರ ಕಾಳಿ ನದಿಯ ದಂಡೆಯ ರೆಸಾರ್ಟೊಂದರಲ್ಲಿ ಎರಡು ರಾತ್ರಿ ಉಳಿದು, ಅಲ್ಲಿಂದ ಉಳವಿಗೆ ಹೋಗಿಬಂದರು. ಅತ್ತೆಯವರು ಜಾತ್ರೆಯಲ್ಲಿ ಅವರನ್ನು ಕೂಡಿಕೊಂಡರು. ಕಲ್ಯಾಣದ ಕ್ರಾಂತಿಯ ನಂತರ ಚೆನ್ನಬಸವಣ್ಣನವರು ಶರಣರೊಡನೆ ಬಂದು ಐಕ್ಯರಾದ ಜೋಯಿಡಾ ತಾಲೂಕಿನ ಆ ಕ್ಷೇತ್ರ ನಮಗೆಲ್ಲ ತಿಳಿದದ್ದೇ. ಇಂದು ಆ ಕಾಡಿನ ದಾರಿಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳೂ ಸಾಗುತ್ತವೆ, ಬೆಂಗಳೂರಿನ ಕಾರುಗಳೂ ಸಾಗುತ್ತವೆ. ಒಂದು ಜಾತ್ರೆಗೆ, ಇನ್ನೊಂದು ರೆಸಾರ್ಟಿಗೆ. ಇವೆರಡೂ ಪರಸ್ಪರ ವಿರೋಧಿಗಳೆಂದು ನಾನು ತಿಳಿದಿದ್ದೆ. ಒಂದೇ ಕುಟುಂಬ ಎರಡನ್ನೂ ಮಾಡಬಹುದೆಂದು ಈ ದಂಪತಿ ತೋರಿಸಿದರು.

ಹಾಗೆಂದು ಮನೆಯ ಹತ್ತಿರದ ರೆಸಾರ್ಟಿಗೆ ಹೋದರೆ ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. ದೂರದ ದ್ವೀಪವನ್ನು ಕೇಳಿದ ಪ್ರಶ್ನೆಯನ್ನೇ ನಮ್ಮ ದಾಂಡೇಲಿಯನ್ನೂ ಕೇಳಬೇಕು: ನಮ್ಮ ಈ ಸಂತೋಷದ ಭಾರವನ್ನು ಹೊರುವವರು ಯಾರು?

ಗಣೇಶಗುಡಿಯಲ್ಲಿ ರಬ್ಬರ್ ದೋಣಿಯೇರಿ ಕೇಕೆ ಹಾಕುವಾಗ ಆ ನೀರು ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸೋಣ. ಅದು ಸೂಪಾ ಅಣೆಕಟ್ಟೆಯಿಂದ, ವಿದ್ಯುತ್ ಉತ್ಪಾದನೆಗಾಗಿ ಬಿಟ್ಟ ನೀರು. 1987ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿದೆ. ಒಂದು ಕಾಲದಲ್ಲಿ ತಾಲೂಕಿಗೆ ಹೆಸರು ಕೊಟ್ಟ ಊರದು. ಅಲ್ಲಿಂದ ಎದ್ದು ಹೋದವರಲ್ಲಿ ಅನೇಕರು ರಾಮನಗರದ ಪುನರ್ವಸತಿ ಕಾಲೊನಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ರಾತ್ರಿ ಕೆಲವು ರೆಸಾರ್ಟುಗಳಲ್ಲಿ ಬೆಂಕಿಯ ಸುತ್ತ ಸಿದ್ದಿ ಸಮುದಾಯದವರಿಂದ ನೃತ್ಯ ಮಾಡಿಸುತ್ತಾರೆ. ಆಫ್ರಿಕಾ ಮೂಲದ ಈ ಬಂಧುಗಳು ತಲೆಮಾರುಗಳಿಂದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಾಡಂಚಿನಲ್ಲಿ ಬಾಳಿದವರು. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅವರ ಡಮಾಮಿ ವಾದ್ಯದ ಕುಣಿತ ಅವರ ಮನೆಯ ಹಬ್ಬದ ಸಂಪತ್ತು. ಅದನ್ನು ಕೇಕಿನ ಜೊತೆಗೆ ಬರುವ ಸಾಮಗ್ರಿಯಂತೆ ನೋಡಿ ಎದ್ದು ಹೋಗುವುದು ಕಾಯಕಕ್ಕೆ ಮಾಡಿದ ಅಪಚಾರ. ಕುಣಿದವರ ಹೆಸರು ಕೇಳಿ, ಕೈಮುಗಿದು, ಯೋಗ್ಯ ಕಾಣಿಕೆಯನ್ನು ಅವರ ಕೈಗೇ ಕೊಟ್ಟು ಬರುವುದು ಕಷ್ಟದ ಮಾತೇನಲ್ಲ.

ಇನ್ನು ಆ ಕಾಡು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂದು ಮರುನಾಮಕರಣಗೊಂಡ ಈ ಅರಣ್ಯ ಮಂಗಟ್ಟೆ ಹಕ್ಕಿಗಳಿಗೆ ಹೆಸರಾದದ್ದು. ಬೇಸಿಗೆ ಮೊದಲಾಗುವ ಸಮಯಕ್ಕೆ ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆಯಿಟ್ಟು ಕಾವು ಕೊಟ್ಟು ಮರಿ ಬೆಳೆಸುವ ಆ ದೀರ್ಘ ಸೆರೆವಾಸದಲ್ಲಿ ಗಂಡು ಹಕ್ಕಿ ಅತ್ತಿ, ಆಲದ ಹಣ್ಣುಗಳನ್ನು ದಿನಕ್ಕೆ ಅನೇಕ ಬಾರಿ ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಗಂಡು ಬಾರದಿದ್ದರೆ ಒಳಗಿರುವ ಜೀವಗಳು ಹಸಿಯುತ್ತವೆ. ದಾಂಪತ್ಯವೆಂದರೇನೆಂದು ಹೇಳಿಕೊಡುವ ಇಂಥ ಪಾಠ ನಮ್ಮ ಬಾಗಿಲಲ್ಲೇ ಇರುವಾಗ, ಪ್ರೀತಿಯ ಹೆಸರಿನಲ್ಲಿ ನಡುರಾತ್ರಿಯವರೆಗೆ ಧ್ವನಿವರ್ಧಕ ಹಚ್ಚಿ, ಪಟಾಕಿ ಸಿಡಿಸಿ, ಹೊಳೆಯ ದಂಡೆಯಲ್ಲಿ ಪ್ಲಾಸ್ಟಿಕ್ ಚೆಲ್ಲಿ ಬರುವುದು ಎಂಥ ವಿಪರ್ಯಾಸ!

ಆದ್ದರಿಂದ ಹುಟ್ಟುಹಬ್ಬಕ್ಕೆ ಎಲ್ಲಿಗೂ ಹೋಗಬಾರದು ಎಂಬುದು ನನ್ನ ಅಭಿಪ್ರಾಯವಲ್ಲ. ಹೋಗಬೇಕು, ವಿಶೇಷವಾಗಿ ವರ್ಷವಿಡೀ ಒಲೆಯ ಮುಂದೆ ನಿಂತವರನ್ನು ಕರೆದುಕೊಂಡು ಹೋಗಬೇಕು. ಆದರೆ ಹೊರಡುವ ಮೊದಲು ಲಕ್ಕಮ್ಮನ ಅಳತೆಯಲ್ಲಿ ಒಮ್ಮೆ ಅಳೆಯಬೇಕು. ಯಾರಿಗಾಗಿ ಹೋಗುತ್ತಿದ್ದೇವೆಯೋ ಅವರನ್ನು ಕೇಳಿದ್ದೇವೆಯೇ? ದುಡಿದ ಹಣವೋ, ನಾಳೆಯ ದುಡಿಮೆಯನ್ನು ಒತ್ತೆಯಿಟ್ಟ ಹಣವೋ? ಎರಡೂವರೆ ಲಕ್ಷದ ಸಾಲ ಮಾಡಿದರೆ ನಾಲ್ಕು ದಿನದ ಸಂತೋಷಕ್ಕೆ ಎರಡು ಮೂರು ವರ್ಷಗಳ ಕಂತು. ಆ ಕಂತಿನ ತಿಂಗಳುಗಳಲ್ಲಿ ಮನೆಯ ಖರ್ಚನ್ನು ಹಿಡಿಯುವವಳೂ ಅವಳೇ. ನಮಗೆ ಉಣಬಡಿಸಿದವರ, ಕೋಣೆ ಗುಡಿಸಿದವರ ಶ್ರಮಕ್ಕೆ ಗೌರವ ಕೊಟ್ಟೆವೇ? ನಾವು ಬಂದುಹೋದ ಮೇಲೆ ಆ ಜಾಗ ಮೊದಲಿನಂತೆಯೇ ಇದೆಯೇ? ಈ ಅಳತೆಗೆ ನಿಂತರೆ ಮಾಲ್ಡೀವ್ಸ್ ಆದರೂ ದೋಷವಿಲ್ಲ. ನಿಲ್ಲದಿದ್ದರೆ ಊರ ಹೊರಗಿನ ಡಾಬಾ ಆದರೂ ದುಂದೇ.

ಹಿಂತಿರುಗಿ ಬಂದ ಮೇಲೆ ಆ ಮಗಳು ಶ್ರೀಮಠಕ್ಕೆ ಬಂದಿದ್ದಳು. ಹೇಗಿತ್ತಮ್ಮ ಎಂದು ಕೇಳಿದೆ. ಹೊಳೆಯನ್ನೋ ಮಂಗಟ್ಟೆಯನ್ನೋ ವರ್ಣಿಸುತ್ತಾಳೆಂದುಕೊಂಡಿದ್ದೆ. “ಎರಡ್ ದಿನಾ ಬೆಳಿಗ್ಗೆ ಯಾರೋ ನನಗ ಚಹಾ ತಂದ್ ಕೊಟ್ರ್ರಿ ಅಣ್ಣಾರ. ಮನಿಗೆ ಬಂದ ಮ್ಯಾಲೂ ಐತವಾರಕ್ಕೊಮ್ಮೆ ಇವ್ರ ಮಾಡಿ ಕೊಡಾಕ ಹತ್ಯಾರ” ಎಂದಳು. ಅತ್ತೆಯವರು ಪಕ್ಕದಲ್ಲಿಯೇ ಇದ್ದರು. “ನನಗೂ ಒಂದ್ ಕಪ್ ಕೊಡ್ತಾನ್ರಿ” ಎಂದು ಸೇರಿಸಿದರು.

ಆ ವಾರದ ಚಹಾ ಯಾವ ರೆಸಾರ್ಟಿನ ಬಿಲ್ಲಿನಲ್ಲಿಯೂ ಬರುವಂಥದಲ್ಲ. ನಮ್ಮ ನಮ್ಮ ಮನೆಗಳಲ್ಲಿ ತೇದಿ ಗೊತ್ತಿಲ್ಲದ ತಾಯಂದಿರಿದ್ದಾರೆ, ಕೇಳದೆ ಉಳಿದ ಹೆಂಡಂದಿರಿದ್ದಾರೆ. ಮುಂದಿನ ಅಮಾವಾಸ್ಯೆಗೆ ಬರುವಷ್ಟರಲ್ಲಿ ಅವರನ್ನು ಒಮ್ಮೆ ಕೇಳಿಕೊಂಡು ಬರೋಣ. ನಾನೂ ನನ್ನ ತಾಯಿಯವರನ್ನು ಕೇಳುವವನಿದ್ದೇನೆ.